ಫೋಲ್ಡರ್ ತೆರೆಯೋಕೆ ಯಾಕೆ ಕಾಯ್ಬೇಕು? ಹಗುರವಾದ ಓಪನ್ ಸೋರ್ಸ್ ಫೈಲ್ ಮ್ಯಾನೇಜರ್‌ಗಳ ಬಗ್ಗೆ ಒಂದು ಮಾತು

(ಮಾತಾಡಿದ್ದನ್ನೇ ಬರಹಕ್ಕೆ ಇಳಿಸಿದೀನಿ. ಸ್ಕ್ರೀನ್ ಮೇಲೆ ತೋರಿಸಿದ್ದ ಕಡೆ ಮಾತ್ರ ಒಂದೆರಡು ಸಾಲು ಸೇರಿಸಿದೀನಿ, ಇಲ್ಲಾಂದ್ರೆ ಓದೋರಿಗೆ ಅರ್ಥ ಆಗಲ್ಲ ಅಂತ.)

ಎಲ್ರಿಗೂ ನಮಸ್ಕಾರ. ಇವತ್ತು ನಾನು ಮಾತಾಡೋದು ನಾವು ದಿನಾ ಬಳಸ್ತೀವಿ ಆದ್ರೆ ಯಾವತ್ತೂ ಆರಿಸ್ಕೊಂಡಿರಲ್ಲ, ಅಂಥ ಒಂದು ಪ್ರೋಗ್ರಾಂ ಬಗ್ಗೆ. ಯಾವ ಬ್ರೌಸರ್ ಬಳಸ್ತೀರಾ ಅಂತ ಕೇಳಿದ್ರೆ ಥಟ್ ಅಂತ ಹೇಳ್ತೀರಾ, ಯಾಕೆ ಅದೇ ಅಂತಾನೂ ಹೇಳ್ತೀರಾ. ಯಾವ ಫೈಲ್ ಮ್ಯಾನೇಜರ್, ಅಂದ್ರೆ ಫೋಲ್ಡರ್ ತೆರೆದು ಫೈಲುಗಳನ್ನ ತೋರಿಸೋ ಪ್ರೋಗ್ರಾಂ ಯಾವುದು ಅಂತ ಕೇಳಿದ್ರೆ ಮಾತ್ರ ಸುಮಾರು ಜನ ಸುಮ್ನಾಗ್ತಾರೆ, ಯಾಕಂದ್ರೆ ಅದೂ ಒಂದು ಪ್ರೋಗ್ರಾಂ, ಅದನ್ನೂ ಬದಲಾಯಿಸ್ಬೋದು ಅನ್ನೋದೇ ಹೊಳೆದಿರಲ್ಲ. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್, ಮ್ಯಾಕ್‌ನಲ್ಲಿ ಫೈಂಡರ್, ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ನಾಟಿಲಸ್, ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಡಾಲ್ಫಿನ್, ಬಂದಿದ್ದು ಬಂದ ಹಾಗೇ ಇರುತ್ತೆ. ಅದು ನಿಧಾನ ಆದ್ರೆ ಕಂಪ್ಯೂಟರ್ ಹಳೇದಾಯ್ತು ಅಂತ ನಮ್ಗೆ ನಾವೇ ಸಮಾಧಾನ ಹೇಳ್ಕೊಂಡು ಹೊಸ ಮೆಷಿನ್ ಬೆಲೆ ನೋಡೋಕೆ ಶುರು ಮಾಡ್ತೀವಿ.

ನನಗೆ ಇದು ಬೇಜಾರಾಗೋ ವಿಷ್ಯ. ಎಷ್ಟೋ ಸಲ ಮೆಷಿನ್ ಚೆನ್ನಾಗೇ ಇರುತ್ತೆ, ಫೈಲ್ ಮ್ಯಾನೇಜರ್ ನಾವು ಕೇಳದೇ ಇರೋ ಕೆಲ್ಸಾನೆಲ್ಲಾ ಮಾಡ್ತಾ ಕೂತಿರುತ್ತೆ ಅಷ್ಟೇ. ಹಂಗಾಗಿ ಹಗುರವಾದ ಫೈಲ್ ಮ್ಯಾನೇಜರ್ ಹುಡುಕೋರು ಮೊದ್ಲು ಎಷ್ಟು ಎಂಬಿ ಅಂತ ನೋಡ್ಬೇಡಿ, ಒಂದು ಫೋಲ್ಡರ್ ತೆರೆದ್ರೆ ಅದು ಏನೇನು ಮಾಡುತ್ತೆ ಅಂತ ನೋಡಿ. ಮಿಕ್ಕಿದ್ದೆಲ್ಲಾ ಆಮೇಲೆ.

ಒಂದು ಫೋಲ್ಡರ್ ತೆರೆಯೋದನ್ನೇ ತಗೊಳ್ಳಿ. ಡೌನ್‌ಲೋಡ್ಸ್ ಫೋಲ್ಡರ್, ಒಳಗೆ ಸಾವಿರಾರು ಫೈಲು, ಫೋಟೋ, ವಿಡಿಯೋ, ಪಿಡಿಎಫ್, ಜಿಪ್ ಎಲ್ಲಾ ಇದೆ ಅಂದ್ಕೊಳ್ಳಿ. ಬರೀ ಹೆಸರುಗಳ ಪಟ್ಟಿ ಕೊಡು ಅಂದ್ರೆ ಆಪರೇಟಿಂಗ್ ಸಿಸ್ಟಮ್‌ಗೆ ಅದು ಕಣ್ಣು ಮುಚ್ಚಿ ತೆರೆಯೋಷ್ಟರಲ್ಲಿ ಆಗೋ ಕೆಲ್ಸ. ಆದ್ರೆ ಫೈಲ್ ಮ್ಯಾನೇಜರ್ ಅಷ್ಟಕ್ಕೇ ನಿಲ್ಲಲ್ಲ. ಪ್ರತಿ ಫೈಲಿಂದು ಸೈಜು, ತಾರೀಖು ಕೇಳುತ್ತೆ, ಅದು ಯಾವ ಥರದ ಫೈಲು ಅಂತ ಕಂಡುಹಿಡಿಯುತ್ತೆ, ಅದಕ್ಕೊಂದು ಐಕಾನ್ ಹುಡುಕುತ್ತೆ, ಫೋಟೋ ಆಗಿದ್ರೆ ಪೂರ್ತಿ ಓದಿ ಚಿಕ್ಕದು ಮಾಡಿ ಥಂಬ್‌ನೇಲ್ ಹಾಕುತ್ತೆ, ವಿಡಿಯೋ ಆಗಿದ್ರೆ ಒಂದು ಫ್ರೇಮ್ ಹೆಕ್ಕಿ ತೆಗೆಯುತ್ತೆ, ಒಳಗಿರೋ ಒಂದೊಂದು ಫೋಲ್ಡರ್‌ನಲ್ಲೂ ಎಷ್ಟು ಐಟಂ ಇದೆ ಅಂತ ಎಣಿಸುತ್ತೆ. ಇದರ ಜೊತೆ ಹಿಂದುಗಡೆ ಇಂಡೆಕ್ಸ್ ಮಾಡೋ, ಅಂದ್ರೆ ಬೇಗ ಹುಡುಕೋಕೆ ಅಂತ ಫೈಲುಗಳ ಪಟ್ಟಿ ಮಾಡಿಡೋ, ಸರ್ವಿಸ್ ಒಂದು ಓಡ್ತಿರುತ್ತೆ, ಗ್ನೋಮ್‌ನಲ್ಲಿ ಟ್ರ್ಯಾಕರ್ ಅಂತ, ಈಗ ಅದಕ್ಕೆ ಲೋಕಲ್‌ಸರ್ಚ್ ಅಂತಾರೆ, ಕೆಡಿಇಲಿ ಬಲೂ, ವಿಂಡೋಸ್‌ನಲ್ಲಿ ಅದರದೇ ಸರ್ಚ್ ಇಂಡೆಕ್ಸರ್. ಎಸ್‌ಎಸ್‌ಡಿ ಇದ್ರೆ ಇದೆಲ್ಲಾ ಅಷ್ಟಾಗಿ ಗೊತ್ತಾಗಲ್ಲ, ತಿರುಗೋ ಹಾರ್ಡ್ ಡಿಸ್ಕ್ ಇದ್ರೆ, ಇಲ್ಲಾ ಫೋಲ್ಡರ್ ನೆಟ್‌ವರ್ಕ್ ಆಚೆ ಇದ್ರೆ, ಚೆನ್ನಾಗೇ ಗೊತ್ತಾಗುತ್ತೆ.

ಅದಕ್ಕೇ ಹೊಸದು ಹಾಕ್ಕೊಳ್ಳೋಕೆ ಮುಂಚೆ ಇರೋದ್ರಲ್ಲೇ ಒಂದೆರಡು ಸ್ವಿಚ್ ಆಫ್ ಮಾಡಿ ನೋಡಿ. ನಾಟಿಲಸ್ ಪ್ರಿಫರೆನ್ಸಸ್‌ನಲ್ಲಿ ಪರ್ಫಾರ್ಮೆನ್ಸ್ ಅಂತ ಒಂದು ಭಾಗ ಇದೆ, ಅಲ್ಲಿ ಥಂಬ್‌ನೇಲ್ ತೋರಿಸ್ಬೇಕಾ, ಫೋಲ್ಡರ್ ಒಳಗಿನ ಫೈಲ್ ಎಣಿಸ್ಬೇಕಾ, ಸಬ್‌ಫೋಲ್ಡರ್‌ಗಳಲ್ಲೂ ಹುಡುಕ್ಬೇಕಾ ಅಂತ ಮೂರು ಕಡೆ ಕೇಳುತ್ತೆ, ಮೂರಕ್ಕೂ ಬೇಡ ಅಂತ ಹೇಳ್ಬೋದು. ವಿಂಡೋಸ್‌ನಲ್ಲಿ ಡೌನ್‌ಲೋಡ್ಸ್ ತೆರೆದಾಗ ಮೇಲೆ ಹಸಿರು ಪಟ್ಟಿ ನಿಧಾನಕ್ಕೆ ತೆವಳ್ತಾ ಇದ್ರೆ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿ ಕಸ್ಟಮೈಸ್ ಟ್ಯಾಬ್, ಅಲ್ಲಿ ಈ ಫೋಲ್ಡರ್ ಯಾವುದಕ್ಕೆ ಹೊಂದ್ಬೇಕು ಅಂತ ಒಂದು ಪಟ್ಟಿ ಇರುತ್ತೆ, ಪಿಕ್ಚರ್ಸ್ ಅಂತ ಇದ್ರೆ ಅದನ್ನ ಜನರಲ್ ಐಟಮ್ಸ್ ಅಂತ ಮಾಡಿ. ಪಿಕ್ಚರ್ಸ್ ಅಂತ ಇದ್ದಾಗ ಪ್ರತಿ ಫೈಲಿನ ಒಳಗಿನ ಮಾಹಿತಿ ಕೆದಕೋಕೆ ಹೋಗುತ್ತೆ, ಜನರಲ್ ಮಾಡಿದ್ರೆ ಆ ಗೋಜಿಗೆ ಹೋಗಲ್ಲ. ಎಷ್ಟೋ ಜನಕ್ಕೆ ಇಷ್ಟರಲ್ಲೇ ಸಮಸ್ಯೆ ಮುಗಿದುಹೋಗುತ್ತೆ. ಆಮೇಲೂ ಸಾಕಾಗ್ಲಿಲ್ಲ ಅಂದ್ರೆ ಬೇರೇದು ನೋಡೋಣ.

ಓಪನ್ ಸೋರ್ಸೇ, ಅಂದ್ರೆ ಕೋಡ್ ಎಲ್ರಿಗೂ ತೆರೆದಿಟ್ಟಿರೋದೇ, ಯಾಕೆ ಅಂತ ಕೇಳ್ತೀರಾ. ನಿಮ್ಮ ಪ್ರತಿಯೊಂದು ಫೈಲನ್ನೂ ಮುಟ್ಟೋ, ಹೆಸರು ಬದಲಾಯಿಸೋ, ಅಳಿಸೋ ಅಧಿಕಾರ ಇರೋ ಪ್ರೋಗ್ರಾಂ ಇದು, ಅದರ ಒಳಗೆ ಏನಿದೆ ಅಂತ ಬೇಕಾದೋರು ಬೇಕಾದಾಗ ತೆರೆದು ನೋಡೋ ಹಾಗಿರ್ಬೇಕು, ಇದು ಒಂದು ಕಾರಣ. ನನಗೆ ಇದಕ್ಕಿಂತ ದೊಡ್ಡದು ಅನ್ಸೋದು ಇನ್ನೊಂದು. 2012ರಲ್ಲಿ ಗ್ನೋಮ್ 3.6 ಬಂದಾಗ ನಾಟಿಲಸ್‌ನಿಂದ ಎರಡು ಪೇನ್, ಅಂದ್ರೆ ಒಂದೇ ವಿಂಡೋಲಿ ಎರಡು ಫೋಲ್ಡರ್, ಪಕ್ಕ ಪಕ್ಕ ಇಟ್ಕೊಳ್ಳೋ ಸೌಲಭ್ಯ, ಕಾಂಪ್ಯಾಕ್ಟ್ ವ್ಯೂ, ಹೀಗೆ ಕೆಲವನ್ನ ತೆಗೆದುಹಾಕಿದ್ರು. ಮಾಡಿದೋರಿಗೆ ಅವರದೇ ಕಾರಣ ಇತ್ತು, ಸರಳ ಮಾಡ್ಬೇಕು ಅಂತ. ಆದ್ರೆ ಅದೇ ಎರಡು ಪೇನ್ ಇಟ್ಕೊಂಡು ದಿನಾ ಕೆಲ್ಸ ಮಾಡ್ತಿದ್ದೋರ ಗತಿ ಏನು? ಲಿನಕ್ಸ್ ಮಿಂಟ್ ಅನ್ನೋ ಡಿಸ್ಟ್ರೋ (ಲಿನಕ್ಸ್‌ನ ಒಂದು ಆವೃತ್ತಿ) ಮಾಡೋರು ನಾಟಿಲಸ್ 3.4ರ ಕೋಡ್ ತಗೊಂಡು ನೀಮೋ ಅಂತ ಬೇರೆ ಮಾಡ್ಕೊಂಡ್ರು, ಇವತ್ತಿಗೂ ಸಿನಮನ್ ಡೆಸ್ಕ್‌ಟಾಪ್‌ನಲ್ಲಿ ಅದೇ ಇದೆ, ಎಫ್3 ಒತ್ತಿದ್ರೆ ಎರಡನೇ ಪೇನ್ ಬರುತ್ತೆ. ಅದಕ್ಕೂ ಮುಂಚೆ ಗ್ನೋಮ್ 2 ನಿಂತಾಗ ಮಾಟೆ ಅನ್ನೋ ಡೆಸ್ಕ್‌ಟಾಪ್ ಮಾಡೋರು ಹಳೇ ನಾಟಿಲಸ್ ತಗೊಂಡು ಕಾಹಾ ಅಂತ ಉಳಿಸ್ಕೊಂಡಿದ್ರು. ಕೋಡ್ ಮುಚ್ಚಿಟ್ಟಿದ್ದಿದ್ರೆ ಆ ಬಳಕೆದಾರರು ಒಂದು ಪತ್ರ ಬರೆದು ಕಾಯೋದು ಬಿಟ್ರೆ ಬೇರೇನೂ ಮಾಡೋಕಾಗ್ತಿರ್ಲಿಲ್ಲ.

ಸರಿ, ಈಗ ಹೆಸರುಗಳಿಗೆ ಬರೋಣ. ಲಿನಕ್ಸ್‌ನಿಂದ ಶುರು ಮಾಡ್ತೀನಿ ಯಾಕಂದ್ರೆ ಆಯ್ಕೆ ಜಾಸ್ತಿ ಇರೋದು ಅಲ್ಲೇ.

ಮೊದಲ್ನೇದು ಥುನಾರ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ಗೆ ಅಂತ ಮಾಡಿದ್ದು, 2007ರಲ್ಲಿ ಎಕ್ಸ್‌ಎಫ್‌ಸಿಇ 4.4 ಜೊತೆ ಬಂತು. ಯಾರಾದ್ರೂ ಒಂದೇ ಒಂದು ಹೇಳಿ ಅಂದ್ರೆ ನಾನು ಇದನ್ನೇ ಹೇಳೋದು. ಬೇಗ ತೆರೆಯುತ್ತೆ, ನೋಡೋಕೆ ಸಾದಾ ಇದೆ, ಹಾಗಂತ ಕೈಲಾಗದೇ ಇರೋದೇನಲ್ಲ. ಇದರ ಬಲ್ಕ್ ರೀನೇಮ್ ನೋಡಿ. (ಇಲ್ಲಿ ಸ್ಕ್ರೀನ್ ಮೇಲೆ ಮಾಡಿ ತೋರಿಸಿದ್ದೆ.) ಕ್ಯಾಮೆರಾದಿಂದ ಬಂದ ಒಂದು ರಾಶಿ ಫೋಟೋ ಇದೆ, ಎಲ್ಲಾ ಅರ್ಥ ಇಲ್ಲದ ಹೆಸರು. ಕಂಟ್ರೋಲ್ ಎ ಒತ್ತಿ ಎಲ್ಲಾ ಸೆಲೆಕ್ಟ್ ಮಾಡಿ ಎಫ್2 ಒತ್ತಿದ್ರೆ ಒಂದು ವಿಂಡೋ ಬರುತ್ತೆ, ಎಡಗಡೆ ಈಗಿನ ಹೆಸರು ಬಲಗಡೆ ಆಗಲಿರೋ ಹೆಸರು. ಕೆಳಗೆ ನಂಬರ್ ಹಾಕು, ಒಂದು ಪದ ಹುಡುಕಿ ಬೇರೆ ಹಾಕು, ತಾರೀಖು ಸೇರಿಸು, ಇಷ್ಟು ಅಕ್ಷರ ತೆಗೆ ಅಂತ ಆಯ್ಕೆಗಳಿವೆ, ನೀವು ಟೈಪ್ ಮಾಡ್ತಾ ಹೋದ ಹಾಗೆ ಬಲಗಡೆ ಹೆಸರು ಬದಲಾಗ್ತಾ ಹೋಗುತ್ತೆ, ಸರಿ ಅನ್ಸಿದ ಮೇಲೆ ರೀನೇಮ್ ಒತ್ತೋದು. ಇದಕ್ಕೆ ಬೇರೆ ಸಾಫ್ಟ್‌ವೇರ್ ಹುಡುಕಿ ಹಾಕ್ಕೊಂಡಿರೋರನ್ನ ಬೇಕಾದಷ್ಟು ನೋಡಿದೀನಿ. ಇನ್ನೊಂದು, ಕಸ್ಟಮ್ ಆಕ್ಷನ್ಸ್ ಅಂತ, ನಿಮಗೆ ಬೇಕಾದ ಕಮಾಂಡ್ ಒಂದನ್ನ ರೈಟ್ ಕ್ಲಿಕ್ ಮೆನುಗೆ ಸೇರಿಸ್ಕೋಬೋದು, ಫೋಟೋ ಚಿಕ್ಕದು ಮಾಡು ಅಂತ ಒಂದು, ಇಲ್ಲಿಂದ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ವಿಂಡೋ) ತೆರಿ ಅಂತ ಒಂದು. ಮೊದ್ಲು ಇದರಲ್ಲಿ ಎರಡು ಪೇನ್ ಇರ್ಲಿಲ್ಲ, 2022ರ ಕೊನೇಲಿ ಬಂದ 4.18ರಲ್ಲಿ ಅದೂ ಬಂತು, ಮಾಡಿದ್ದನ್ನ ಅನ್‌ಡೂ ಮಾಡೋದೂ ಬಂತು. ಇಲ್ಲೂ ಎಫ್3.

ಇನ್ನೂ ಹಗುರ ಬೇಕು ಅಂದ್ರೆ ಪಿಸಿಮ್ಯಾನ್‌ಎಫ್‌ಎಂ. ತೈವಾನ್‌ನ ಹಾಂಗ್ ಜೆನ್ ಯೀ ಅನ್ನೋರು ಶುರು ಮಾಡಿದ್ದು, ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪ್ ಇದರ ಜೊತೆಜೊತೆಗೇ ಬೆಳೀತು, ಈಗ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್‌ಗೆ, ಕ್ಯೂಟಿ ಅನ್ನೋ ಲೈಬ್ರರಿ ಬಳಸೋ, ಇದರದೇ ಆವೃತ್ತಿ ಇದೆ. ವಿಂಡೋಸ್ ಎಕ್ಸ್‌ಪ್ಲೋರರ್‌ಗೆ ಟ್ಯಾಬ್ ಬಂದಿದ್ದು 2022ರಲ್ಲಿ, ಇದರಲ್ಲಿ ಅದಕ್ಕಿಂತ ಎಷ್ಟೋ ವರ್ಷ ಮೊದ್ಲಿಂದ ಟ್ಯಾಬ್ ಇದೆ. RAM ಕಡಿಮೆ ಇರೋ ಹಳೇ ಲ್ಯಾಪ್‌ಟಾಪ್‌ಗೆ ಜೀವ ಬರಿಸ್ಬೇಕು ಅನ್ನೋರು ಇದನ್ನ ನೋಡಿ.

ಇಲ್ಲಿ ಒಂದು ಎಚ್ಚರಿಕೆ. ಹಗುರ ಅನ್ನೋದು ನಿಮ್ಮ ಸಿಸ್ಟಮ್‌ನಲ್ಲಿ ಈಗಾಗ್ಲೇ ಏನಿದೆ ಅನ್ನೋದರ ಮೇಲೂ ನಿಂತಿದೆ. ಥುನಾರ್, ಪಿಸಿಮ್ಯಾನ್‌ಎಫ್‌ಎಂ ವಿಂಡೋ, ಬಟನ್ ಎಲ್ಲಾ ತೋರಿಸೋಕೆ ಜಿಟಿಕೆ ಲೈಬ್ರರಿ ಬಳಸ್ತವೆ, ಡಾಲ್ಫಿನ್ ಕ್ಯೂಟಿ ಮತ್ತೆ ಕೆಡಿಇ ಲೈಬ್ರರಿ ಬಳಸುತ್ತೆ. ಕೆಡಿಇಲಿ ಕೂತೋರಿಗೆ ಡಾಲ್ಫಿನ್ ಏನೂ ಭಾರ ಅಲ್ಲ, ಯಾಕಂದ್ರೆ ಅದಕ್ಕೆ ಬೇಕಿರೋದೆಲ್ಲಾ ಆಗ್ಲೇ ಮೆಮೊರಿಲಿ ಇರುತ್ತೆ, ಅದೇ ಡಾಲ್ಫಿನ್‌ನ ಎಕ್ಸ್‌ಎಫ್‌ಸಿಇಲಿ ಹಾಕೋಕೆ ಹೋದ್ರೆ ಅದರ ಹಿಂದೆ ಪ್ಯಾಕೇಜ್‌ಗಳ ಮೆರವಣಿಗೆನೇ ಬರುತ್ತೆ. ಹಂಗಾಗಿ ಇನ್‌ಸ್ಟಾಲ್ ಕಮಾಂಡ್ ಕೊಟ್ಟಾಗ ಏನೇನು ಬರುತ್ತೆ ಎಷ್ಟು ಜಾಗ ತಗೊಳುತ್ತೆ ಅಂತ ತೋರಿಸಿ ಹೌದಾ ಬೇಡ್ವಾ ಅಂತ ಕೇಳುತ್ತಲ್ಲ, ಅದನ್ನ ಓದದೇ ವೈ ಒತ್ಬೇಡಿ.

ಇದರ ಉಲ್ಟಾ ಸಮಸ್ಯೆನೂ ಇದೆ. ತೀರಾ ಕಡಿಮೆ ಪ್ಯಾಕೇಜ್ ಸಾಕು ಅಂತ ಬರೀ ಥುನಾರ್ ಹಾಕ್ಕೊಂಡು ಆಮೇಲೆ ಕಸದಬುಟ್ಟಿ ಕಾಣ್ತಿಲ್ಲ, ಫೋನ್ ಹಾಕಿದ್ರೆ ತೋರಿಸ್ತಿಲ್ಲ, ನೆಟ್‌ವರ್ಕ್ ಶೇರ್ ಬರ್ತಿಲ್ಲ ಅಂತ ತಲೆ ಕೆಡಿಸ್ಕೊಳ್ಳೋರು ಸುಮಾರು ಜನ. ಆ ಕೆಲ್ಸ ಎಲ್ಲಾ ಮಾಡೋದು ಜಿವಿಎಫ್‌ಎಸ್ ಅಂತ ಇನ್ನೊಂದು ಪ್ಯಾಕೇಜು, ಅದನ್ನೂ ಅದರ ಬ್ಯಾಕ್‌ಎಂಡ್‌ಗಳನ್ನೂ ಹಾಕ್ಕೋಬೇಕು. ಥಂಬ್‌ನೇಲ್ ಬೇಕು ಅಂದ್ರೆ ಟಂಬ್ಲರ್ ಅಂತ ಇನ್ನೊಂದು. ಬೇಡ ಅಂದ್ರೆ ಹಾಕ್ಬೇಡಿ, ಹಂಗೆ ಬಿಡೋ ಸ್ವಾತಂತ್ರ್ಯ ಇರೋದೇ ನನಗೆ ಇಷ್ಟ.

ವಿಂಡೋಸ್‌ಗೆ ಬರೋಣ. ವಿಂಡೋಸ್‌ನಲ್ಲಿ ಎಕ್ಸ್‌ಪ್ಲೋರರ್ ಬರೀ ಫೈಲ್ ಮ್ಯಾನೇಜರ್ ಅಲ್ಲ, ಕೆಳಗಿರೋ ಟಾಸ್ಕ್‌ಬಾರ್, ಡೆಸ್ಕ್‌ಟಾಪ್ ಮೇಲಿನ ಐಕಾನು ಎಲ್ಲಾ ಅದೇ ಪ್ರೋಗ್ರಾಂ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನ ನಿಲ್ಲಿಸಿದ್ರೆ ಟಾಸ್ಕ್‌ಬಾರೇ ಮಾಯ ಆಗುತ್ತೆ. ಹಂಗಾಗಿ ಅದನ್ನ ಕಿತ್ತು ಹಾಕೋ ಮಾತೇ ಇಲ್ಲ, ಪಕ್ಕದಲ್ಲಿ ಇನ್ನೊಂದು ಇಟ್ಕೊಳ್ಳೋದು ಅಷ್ಟೇ. ಪಕ್ಕದಲ್ಲಿ ಇಟ್ಕೊಳ್ಳೋಕೆ ಎಕ್ಸ್‌ಪ್ಲೋರರ್ ಪ್ಲಸ್ ಪ್ಲಸ್ ಒಳ್ಳೇದು. ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್, ಒಂದೇ ಒಂದು ಎಕ್ಸಿಕ್ಯೂಟಬಲ್ ಫೈಲು, ಇನ್‌ಸ್ಟಾಲ್ ಮಾಡೋದೇ ಬೇಡ, ಪೆನ್ ಡ್ರೈವ್‌ನಲ್ಲಿ ಇಟ್ಕೊಂಡು ಓಡಾಡ್ಬೋದು, ಸೆಟ್ಟಿಂಗ್ಸ್ ಬೇಕಾದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಕೊಳ್ಳೋ ರಿಜಿಸ್ಟ್ರಿಲಿ ಬರೆಯದೇ ಪಕ್ಕದಲ್ಲೇ ಒಂದು ಫೈಲ್‌ನಲ್ಲಿ ಇಟ್ಕೊಳುತ್ತೆ. ಆಫೀಸ್ ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡೋ ಅನುಮತಿ ಇಲ್ದೇ ಇರೋರಿಗೆ ಇದು ಅನುಕೂಲ, ಆದ್ರೂ ಐಟಿ ವಿಭಾಗದೋರನ್ನ ಒಂದು ಮಾತು ಕೇಳಿ. ಒಂದು ವಿಷ್ಯ ಮಾತ್ರ ಗೊತ್ತಿರ್ಲಿ, ಇದರಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಬರೋ ಮೆನು ವಿಂಡೋಸ್‌ದೇ. ನಿಮ್ಮ ರೈಟ್ ಕ್ಲಿಕ್ ಮೆನು ನಿಧಾನ ಆಗಿರೋದು ಬೇರೆ ಬೇರೆ ಸಾಫ್ಟ್‌ವೇರ್‌ಗಳು ಬಂದು ಅಲ್ಲಿ ತಮ್ಮ ತಮ್ಮ ಐಟಂ ಸೇರಿಸಿರೋದ್ರಿಂದ ಆದ್ರೆ ಅದು ಇಲ್ಲೂ ನಿಧಾನಾನೇ, ಆ ಸಾಫ್ಟ್‌ವೇರ್‌ಗಳ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನ ತೆಗೆಸ್ಬೇಕು.

ಇನ್ನೊಂದು ನನಗೆ ತುಂಬಾ ಖುಷಿ ಕೊಟ್ಟಿದ್ದು. 1990ರಲ್ಲಿ ವಿಂಡೋಸ್ 3.0 ಜೊತೆ ಬಂದಿದ್ದ ಹಳೇ ಫೈಲ್ ಮ್ಯಾನೇಜರ್ ಇತ್ತಲ್ಲ, ವಿನ್‌ಫೈಲ್, ಅದರ ಕೋಡನ್ನ ಮೈಕ್ರೋಸಾಫ್ಟ್ 2018ರಲ್ಲಿ ಎಂಐಟಿ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್ ಕೊಟ್ಟು, ಕೋಡ್ ಹಂಚಿಕೊಳ್ಳೋ ಸೈಟ್ ಗಿಟ್‌ಹಬ್‌ಗೆ ಹಾಕ್ತು, ಈಗಿನ ವಿಂಡೋಸ್‌ನಲ್ಲೂ ಓಡುತ್ತೆ. ನೋಡೋಕೆ ಹಳೇ ಕಾಲದ್ದೇ, ಆದ್ರೆ ಬರೀ ಹೆಸರು ನೋಡ್ಕೊಂಡು ಫೈಲ್ ಸಾಗಿಸೋಕೆ ಅದು ಸಾಕೇ ಸಾಕು. ಹಂಗೇ ವರ್ಷಗಟ್ಟಲೆ ದುಡ್ಡು ಕೊಟ್ಟು ತಗೋಬೇಕಿದ್ದ ಆಲ್ಟ್ಯಾಪ್ ಸಲಮಾಂಡರ್ 2023ರಲ್ಲಿ ಓಪನ್ ಸಲಮಾಂಡರ್ ಆಗಿ ಜಿಪಿಎಲ್‌ನಲ್ಲಿ ಹೊರಗೆ ಬಂತು. ಫೈಲ್ಸ್ ಅಂತ ಒಂದು ಚೆಂದದ ಆ್ಯಪ್ ಇದೆ, ಅದೂ ಓಪನ್ ಸೋರ್ಸೇ, ಆದ್ರೆ ಹಗುರ ಅಂತ ನಾನು ಹೇಳಲ್ಲ, ಅದರ ಗುರಿ ಬೇರೆ. ಟೋಟಲ್ ಕಮಾಂಡರ್, ಫ್ರೀಕಮಾಂಡರ್ ಹೆಸರು ಯಾವಾಗ್ಲೂ ಬರುತ್ತೆ, ಎರಡೂ ಒಳ್ಳೇ ಪ್ರೋಗ್ರಾಂಗಳು, ಆದ್ರೆ ಓಪನ್ ಸೋರ್ಸ್ ಅಲ್ಲ. ಪುಕ್ಕಟೆ ಸಿಗೋದೆಲ್ಲಾ ಓಪನ್ ಸೋರ್ಸ್ ಅಲ್ಲ ಅನ್ನೋದು ನೆನಪಿರ್ಲಿ.

ಮೂರೂ ಕಡೆ ಓಡೋದು ಬೇಕು ಅಂದ್ರೆ ಡಬಲ್ ಕಮಾಂಡರ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಸಿಗುತ್ತೆ, ಟೋಟಲ್ ಕಮಾಂಡರ್ ನೋಡಿ ಮಾಡಿದ್ದು, ಫ್ರೀ ಪ್ಯಾಸ್ಕಲ್ ಮತ್ತೆ ಲಜರಸ್ ಅನ್ನೋ ಪ್ರೋಗ್ರಾಮಿಂಗ್ ಸಾಧನಗಳಲ್ಲಿ ಬರೆದಿದ್ದು. ಇದು ಎರಡು ಪೇನ್ ಪದ್ಧತಿ, ಈ ಪದ್ಧತಿಗೆ ದೊಡ್ಡ ಇತಿಹಾಸ ಇದೆ, 1986ರಲ್ಲಿ ಡಾಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್‌ಗೆ ನಾರ್ಟನ್ ಕಮಾಂಡರ್ ಬಂತು, ಜಾನ್ ಸೋಶಾ ಬರೆದಿದ್ದು, ಅಲ್ಲಿಂದ ಎಫ್5 ಅಂದ್ರೆ ಕಾಪಿ, ಎಫ್6 ಅಂದ್ರೆ ಮೂವ್, ಎಫ್7 ಹೊಸ ಫೋಲ್ಡರ್, ಎಫ್8 ಡಿಲೀಟ್ ಅಂತ ಒಂದು ರೂಢಿ ಬಿತ್ತು, ಇವತ್ತಿಗೂ ಅದೇ. ಒಂದ್ಸಲ ಬೆರಳಿಗೆ ಹತ್ತಿದ್ರೆ ಮೌಸ್ ಮುಟ್ಟೋಕೇ ಮನಸ್ಸಾಗಲ್ಲ. ಯೋಚ್ನೆ ಮಾಡಿ, ಕಾಪಿ ಮಾಡೋದು ಅಂದ್ರೇನು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲ್ವಾ, ಎರಡು ಕಡೇನೂ ಕಣ್ಣೆದುರಿಗೇ ಇರುತ್ತೆ, ಟ್ಯಾಬ್ ಕೀ ಒತ್ತಿದ್ರೆ ಈಚೆ ಪೇನ್‌ನಿಂದ ಆಚೆ ಪೇನ್‌ಗೆ ಹೋಗ್ತೀರಾ, ಎಫ್5 ಒತ್ತಿದ್ರೆ ಎಲ್ಲಿಗೆ ಅಂತ ಕೇಳೋ ಜಾಗದಲ್ಲಿ ಆಚೆ ಪೇನ್‌ನ ಫೋಲ್ಡರ್ ಆಗ್ಲೇ ತುಂಬಿರುತ್ತೆ, ಎಂಟರ್ ಒತ್ತೋದು ಮುಗೀತು. ಎಲ್ಲೋ ಕಾಪಿ ಮಾಡಿ ಎಲ್ಲಿ ಪೇಸ್ಟ್ ಮಾಡ್ಬೇಕು ಅಂತ ಹುಡುಕ್ಕೊಂಡು ಹೋಗೋ ಕೆಲ್ಸಾನೇ ಇಲ್ಲ. ಜಿಪ್ ಫೈಲ್ ಒಳಗೆ ಫೋಲ್ಡರ್‌ಗೆ ಹೋದ ಹಾಗೇ ಹೋಗ್ಬೋದು, ಎರಡು ಫೋಲ್ಡರ್ ಹೋಲಿಸಿ ಯಾವುದು ಎಲ್ಲಿ ಇಲ್ಲ ಅಂತ ನೋಡಿ ಸಮ ಮಾಡ್ಬೋದು. ಬ್ಯಾಕಪ್ ಡಿಸ್ಕ್ ಇಟ್ಕೊಂಡಿರೋರು ಈ ಕೊನೇದನ್ನ ಒಂದ್ಸಲ ಆದ್ರೂ ಬಳಸಿ ನೋಡಿ.

ಮ್ಯಾಕ್ ಬಗ್ಗೆ ಜಾಸ್ತಿ ಹೇಳಲ್ಲ. ಅಲ್ಲಿ ಫೈಂಡರ್ ಬೇರೂರಿದೆ, ಡಬಲ್ ಕಮಾಂಡರ್ ಇಲ್ಲಾ ಟರ್ಮಿನಲ್ಲಿನದ್ದು ಯಾವುದಾದ್ರೂ ಪಕ್ಕದಲ್ಲಿ ಇಟ್ಕೊಳ್ಳಿ.

ಟರ್ಮಿನಲ್ ಅಂದ ತಕ್ಷಣ ಹೆದರ್ಬೇಡಿ. ಎಲ್ಲಕ್ಕಿಂತ ಹಗುರ ಇರೋದು ಇಲ್ಲೇ. 1994ರಲ್ಲಿ ಮಿಗೆಲ್ ದೆ ಇಕಾಜಾ ಶುರು ಮಾಡಿದ ಮಿಡ್‌ನೈಟ್ ಕಮಾಂಡರ್ ಇವತ್ತಿಗೂ ಚೆನ್ನಾಗಿ ನಡೀತಿದೆ, ನಾರ್ಟನ್ ಕಮಾಂಡರ್ ಕೀಗಳೇ, ಏನು ಒತ್ಬೇಕು ಅಂತ ಕೆಳಗಡೆ ಬರೆದೇ ಇರುತ್ತೆ, ಕಂಟ್ರೋಲ್ ಓ ಒತ್ತಿದ್ರೆ ಪೇನ್ ಸರಿದು ಹಿಂದಿರೋ ಟರ್ಮಿನಲ್ ಕಾಣುತ್ತೆ, ಮತ್ತೆ ಒತ್ತಿದ್ರೆ ವಾಪಸ್. ದೂರದ ಸರ್ವರ್‌ಗೆ ಲಾಗಿನ್ ಆಗಿ ಕೆಲ್ಸ ಮಾಡೋರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್‌ನ ಕೀಗಳು ಅಭ್ಯಾಸ ಇರೋರಿಗೆ ರೇಂಜರ್, ಪೈಥಾನ್ ಭಾಷೇಲಿ ಬರೆದಿದ್ದು, ಅದರ ದಾರಿಲೇ ಗೋ ಭಾಷೇಲಿ ಬರೆದ ಎಲ್‌ಎಫ್, ಇವಕ್ಕಿಂತ ಹಳೇದು ಸಿ ಭಾಷೇಲಿ ಬರೆದ ವಿಫ್ಮ್. ಸಿನಲ್ಲೇ ಬರೆದ ಎನ್‌ಎನ್‌ಎನ್ ಅಂತೂ ಎಷ್ಟು ಚಿಕ್ಕದು ಅಂದ್ರೆ ಹಾಕ್ಕೊಂಡಿದೀವಿ ಅನ್ನೋದೇ ಸಿಸ್ಟಮ್‌ಗೆ ಗೊತ್ತಾಗಲ್ಲ. ಹೊಸದಾಗಿ ರಸ್ಟ್ ಭಾಷೇಲಿ ಯಾಜಿ ಬಂದಿದೆ, ದೊಡ್ಡ ಫೋಲ್ಡರ್ ಓದ್ತಾ ಇರುವಾಗ್ಲೂ ಕೈ ಕಟ್ಟಿ ಹಾಕಲ್ಲ, ಓದೋ ಕೆಲ್ಸ ಹಿಂದುಗಡೆ ನಡೀತಿರುತ್ತೆ, ನೀವು ಮುಂದೆ ಹೋಗ್ತಾ ಇರ್ಬೋದು.

ಟರ್ಮಿನಲ್‌ನಲ್ಲಿ ಎರಡು ವಿಷ್ಯಕ್ಕೆ ಹುಷಾರಾಗಿರ್ಬೇಕು. ಒಂದು, ಹಲವು ಟರ್ಮಿನಲ್‌ಗಳಲ್ಲಿ ಕನ್ನಡ ಹೆಸರಿನ ಫೈಲುಗಳು ಸರಿಯಾಗಿ ಕಾಣಲ್ಲ, ಒತ್ತಕ್ಷರ ಬಿಡಿಸ್ಕೊಂಡು ಅಕ್ಷರಗಳು ಒಂದ್ರ ಮೇಲೊಂದು ಬೀಳ್ತವೆ, ಯಾಕಂದ್ರೆ ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಅನ್ನೋ ಲೆಕ್ಕ. ಫೈಲಿನ ಹೆಸರಿಗೆ ಏನೂ ಆಗಿರಲ್ಲ, ತೋರಿಸೋದು ಮಾತ್ರ ಹಂಗೆ. ಕನ್ನಡದಲ್ಲಿ ಹೆಸರಿಡೋ ಅಭ್ಯಾಸ ಇರೋರು ಥುನಾರ್, ಪಿಸಿಮ್ಯಾನ್‌ಎಫ್‌ಎಂ ಥರದ್ದೇ ಇಟ್ಕೊಳ್ಳಿ, ಅಲ್ಲಿ ಆ ತೊಂದ್ರೆ ಇಲ್ಲ.

ಎರಡನೇದು ಇದಕ್ಕಿಂತ ಮುಖ್ಯ, ಡಿಲೀಟ್. ಎಕ್ಸ್‌ಪ್ಲೋರರ್‌ನಲ್ಲಿ, ನಾಟಿಲಸ್‌ನಲ್ಲಿ ಡಿಲೀಟ್ ಮಾಡಿದ್ರೆ ಕಸದಬುಟ್ಟಿಗೆ ಹೋಗುತ್ತೆ, ಬೇಕಂದ್ರೆ ವಾಪಸ್ ತರ್ಬೋದು. ಮಿಡ್‌ನೈಟ್ ಕಮಾಂಡರ್‌ನಲ್ಲಿ ಎಫ್8 ಒತ್ತಿ ಹೌದು ಅಂದ್ರೆ ಹೋಯ್ತು, ಬುಟ್ಟಿ ಗಿಟ್ಟಿ ಇಲ್ಲ. ಎನ್‌ಎನ್‌ಎನ್‌ನಲ್ಲೂ ಮೊದಲ ಸೆಟ್ಟಿಂಗ್‌ನಲ್ಲಿ ನೇರ ಅಳಿಸೋದೇ, ಬುಟ್ಟಿಗೆ ಹಾಕು ಅಂತ ಒಂದು ವೇರಿಯಬಲ್ ಸೆಟ್ ಮಾಡಿ ಹೇಳ್ಬೇಕು. ಯಾಜಿಲಿ ಸಣ್ಣ ಡಿ ಒತ್ತಿದ್ರೆ ಬುಟ್ಟಿಗೆ, ದೊಡ್ಡ ಡಿ ಒತ್ತಿದ್ರೆ ಪೂರ್ತಿ ಅಳಿಸುತ್ತೆ. ಹಂಗಾಗಿ ಯಾವುದೇ ಹೊಸ ಫೈಲ್ ಮ್ಯಾನೇಜರ್ ಹಾಕಿದ್ರೂ ಮೊದಲ ಕೆಲ್ಸ, ಒಂದು ಖಾಲಿ ಫೋಲ್ಡರ್ ಮಾಡಿ, ಅದ್ರಲ್ಲಿ ಬೇಡದ ಒಂದು ಫೈಲ್ ಇಟ್ಟು, ಅದನ್ನ ಡಿಲೀಟ್ ಮಾಡಿ ಎಲ್ಲಿಗೆ ಹೋಯ್ತು ಅಂತ ನೋಡಿ. ಇದನ್ನ ದಯವಿಟ್ಟು ತಪ್ಪಿಸ್ಬೇಡಿ.

ಪ್ರಶ್ನೆಗಳ ಸಮಯದಲ್ಲಿ ಒಬ್ರು ಕೇಳಿದ್ರು, ಹಗುರದ್ದು ಹಾಕ್ಕೊಂಡ್ರೆ ಕಾಪಿ ಬೇಗ ಆಗುತ್ತಾ ಅಂತ. ಆಗಲ್ಲ, ಕಾಪಿ ವೇಗ ನಿಮ್ಮ ಡಿಸ್ಕಿನ ಕೈಲಿದೆ. ಒಂದೇ ಪಾರ್ಟಿಷನ್ ಒಳಗೆ ಮೂವ್ ಮಾಡಿದ್ರೆ ಎಷ್ಟೇ ದೊಡ್ಡ ಫೈಲಾದ್ರೂ ಕ್ಷಣದಲ್ಲಿ ಆಗುತ್ತೆ, ಯಾಕಂದ್ರೆ ಒಳಗಿರೋ ಡೇಟಾ ಜಾಗ ಬಿಟ್ಟು ಕದಲಲ್ಲ, ಅದರ ವಿಳಾಸ ಮಾತ್ರ ಬದಲಾಗುತ್ತೆ. ಬೇರೆ ಡಿಸ್ಕಿಗೆ ಆದ್ರೆ ಪೂರ್ತಿ ಬರೆದು ಆಮೇಲೆ ಹಳೇದು ಅಳಿಸ್ಬೇಕು. ಲಿನಕ್ಸ್‌ನಲ್ಲಿ ಪೆನ್ ಡ್ರೈವ್‌ಗೆ ಕಾಪಿ ಮಾಡಿದಾಗ ಪೂರ್ತಿ ಆಯ್ತು ಅಂತ ತೋರಿಸಿದ್ರೂ ಕೆಲವು ಸಲ ಡೇಟಾ ಇನ್ನೂ ಮೆಮೊರಿಲೇ ಇರುತ್ತೆ, ಇಜೆಕ್ಟ್ ಒತ್ತಿ ಅದು ಸರಿ ಅನ್ನೋವರೆಗೂ ಕಾಯ್ಬೇಕು, ಯಾವ ಫೈಲ್ ಮ್ಯಾನೇಜರ್ ಆದ್ರೂ ಅಷ್ಟೇ.

ಇನ್ನೊಬ್ರು ಕೇಳಿದ್ದು ಎಲ್ಲಿಂದ ಇಳಿಸ್ಕೋಬೇಕು, ನಂಬೋದು ಹೆಂಗೆ ಅಂತ. ಲಿನಕ್ಸ್ ಆದ್ರೆ ನಿಮ್ಮ ಡಿಸ್ಟ್ರೋದ ರೆಪೊಸಿಟರಿ, ಅಂದ್ರೆ ಅವರೇ ಇಟ್ಟಿರೋ ಪ್ಯಾಕೇಜ್ ಭಂಡಾರದಿಂದ್ಲೇ. ವಿಂಡೋಸ್ ಆದ್ರೆ ಆ ಪ್ರಾಜೆಕ್ಟಿನ ಸ್ವಂತ ಪುಟದಿಂದ, ಡೌನ್‌ಲೋಡ್ ಬಟನ್‌ಗಳ ಸಂತೆ ಇರೋ ಸೈಟ್‌ಗಳಿಂದ ಬೇಡ. ಕೋಡ್ ಓದೋಕೆ ಬರ್ದೇ ಇದ್ರೂ ಮೂರು ವಿಷ್ಯ ಯಾರು ಬೇಕಾದ್ರೂ ನೋಡ್ಬೋದು, ಲೈಸೆನ್ಸ್ ಫೈಲ್ ಇದೆಯಾ, ಕೊನೇ ರಿಲೀಸ್ ಯಾವಾಗ ಆಯ್ತು, ಬಗ್ ಹೇಳಿದೋರಿಗೆ ಯಾರಾದ್ರೂ ಉತ್ತರ ಕೊಡ್ತಿದಾರಾ. ಸ್ಪೇಸ್‌ಎಫ್‌ಎಂ ಅಂತ ಪಿಸಿಮ್ಯಾನ್‌ಎಫ್‌ಎಂನಿಂದ ಕವಲೊಡೆದ ಒಂದು ಒಳ್ಳೇ ಪ್ರೋಗ್ರಾಂ ಇತ್ತು, ತುಂಬಾ ಜನ ಇಷ್ಟಪಟ್ಟಿದ್ರು, ಆದ್ರೆ ಮೂಲ ಪ್ರಾಜೆಕ್ಟಿನ ಕೆಲ್ಸ ನಿಂತುಹೋಯ್ತು. ಅಂಥದ್ದನ್ನ ಹೊಸದಾಗಿ ಶುರು ಮಾಡೋರಿಗೆ ನಾನು ಹೇಳಲ್ಲ.

ಕೊನೇ ಪ್ರಶ್ನೆ, ಹೊಸದು ಹಿಡಿಸಿದ್ರೆ ಹಳೇದನ್ನ ತೆಗೆದುಹಾಕ್ಬೋದಾ ಅಂತ. ಬೇಡ. ನೀಮೋ, ಕಾಹಾ, ಪಿಸಿಮ್ಯಾನ್‌ಎಫ್‌ಎಂ ಇವೆಲ್ಲಾ ತಮ್ಮ ತಮ್ಮ ಡೆಸ್ಕ್‌ಟಾಪ್‌ನಲ್ಲಿ ಐಕಾನ್ ತೋರಿಸೋ ಕೆಲ್ಸಾನೂ ಮಾಡ್ತವೆ, ಎಲ್‌ಎಕ್ಸ್‌ಡಿಇಲಿ ಪಿಸಿಮ್ಯಾನ್‌ಎಫ್‌ಎಂ ತೆಗೆದ್ರೆ ವಾಲ್‌ಪೇಪರೂ ಹೋಗುತ್ತೆ. ಇರೋದು ಇರ್ಲಿ, ಡೀಫಾಲ್ಟ್ ಮಾತ್ರ ಬದಲಾಯಿಸಿ. ಎಕ್ಸ್‌ಎಫ್‌ಸಿಇಲಿ ಸೆಟ್ಟಿಂಗ್ಸ್ ಒಳಗೆ ಡೀಫಾಲ್ಟ್ ಅಪ್ಲಿಕೇಶನ್ಸ್‌ನಲ್ಲಿ ಫೈಲ್ ಮ್ಯಾನೇಜರ್ ಅಂತಾನೇ ಒಂದು ಜಾಗ ಇದೆ, ಕೆಡಿಇಲೂ ಇದೆ. ಬೇರೆ ಕಡೆ ಎಕ್ಸ್‌ಡಿಜಿ-ಮೈಮ್ ಅನ್ನೋ ಕಮಾಂಡ್‌ನಲ್ಲಿ ಫೋಲ್ಡರ್ ಅನ್ನೋ ಫೈಲ್ ಥರಕ್ಕೆ ಹೊಸ ಪ್ರೋಗ್ರಾಂ ಹೆಸರು ಕೊಡ್ಬೇಕು. ಎಕ್ಸ್‌ಪ್ಲೋರರ್ ಪ್ಲಸ್ ಪ್ಲಸ್‌ನಲ್ಲಿ ಅದರ ಆಪ್ಷನ್ಸ್‌ನಲ್ಲೇ ಇದೆ, ವಾಪಸ್ ಹೋಗ್ಬೇಕು ಅಂದ್ರೂ ಅಲ್ಲೇ. ಇಷ್ಟಾದ್ಮೇಲೂ ಯಾವುದಾದ್ರೂ ಪ್ರೋಗ್ರಾಂನಲ್ಲಿ ಫೈಲ್ ಸೇವ್ ಮಾಡೋಕೆ ಹೋದಾಗ ಬರೋ ಡಬ್ಬಿ ಹಳೇದೇ ಇರುತ್ತೆ, ಅದು ಫೈಲ್ ಮ್ಯಾನೇಜರ್‌ದಲ್ಲ, ಆ ಪ್ರೋಗ್ರಾಂ ಬಳಸೋ ಲೈಬ್ರರಿದು ಇಲ್ಲಾ ಸಿಸ್ಟಮ್‌ದು, ಹಂಗಾಗಿ ಬದಲಾಗಿಲ್ಲ ಅಂತ ಮತ್ತೆ ಮತ್ತೆ ಸೆಟ್ಟಿಂಗ್ ಕೆದಕ್ಬೇಡಿ.